ಬಲಗೈಯ ಊದ

ದುರ್ಗದಬೈಲಿನ ಅತ್ತರಿನ ಅಂಗಡಿಗೆ ಹುಲಿಗೆವ್ವ ಒಬ್ಬಳೇ ಬಂದದ್ದು ೧೯೬೨ರ ಚಳಿಗಾಲದಲ್ಲಿ. ಅವಳು ಪ್ರಾಥಮಿಕ ಶಾಲೆಯ ಶಿಕ್ಷಕಿ, ವಿಧವೆ. ಹೆಬ್ಬಳ್ಳಿಯಲ್ಲಿ ಅಣ್ಣನ ಮಗಳ ಮದುವೆಯಿತ್ತು. ಅವರ ಮನೆತನದಲ್ಲಿ ಮದುವೆಗೆ ಬಂದವರ ಮುಂಗೈಗೆ ಹಂದರದ ಬಾಗಿಲಲ್ಲೇ ಗುಲಾಬಿ ಅತ್ತರು ಹಚ್ಚುತ್ತಾರೆ. ವಿಧವೆಯರಿಗೆ ಹಚ್ಚುವುದಿಲ್ಲ, ಅವರು ಹಿತ್ತಲ ಬಾಗಿಲಿನಿಂದ ಅಡಿಗೆಮನೆ ಸೇರುತ್ತಾರೆ. ಹಿಂದಿನ ಮದುವೆಯಲ್ಲಿ ಹುಲಿಗೆವ್ವನೂ ಹಾಗೇ ಮಾಡಿದ್ದಳು. ಈ ಸಲ ಮುಂದಿನ ಬಾಗಿಲಿನಿಂದ, ತನ್ನದೇ ಅತ್ತರಿನೊಂದಿಗೆ ಹೋಗಬೇಕೆಂದು ನಿಶ್ಚಯಿಸಿದ್ದಳು.

ಅಂಗಡಿಯ ಮಕಬೂಲಸಾಬ ಗುಲಾಬಿಯ ಸೀಸೆ ತೆಗೆದ.

"ಅದು ಬ್ಯಾಡ್ರಿ. ಬಾಜೂಕ ಕುಂತವರಿಗೂ ಗೊತ್ತಾಗೂದಿಲ್ಲ. ನಾ ಬಂದೀನಂತ ಇಡೀ ಹಂದರಕ್ಕ ಗೊತ್ತಾಗಬೇಕು."

"ಹಂಗಾರ ಎರಡ ಅದಾವ್ರಿ ಅಕ್ಕಾರ. ಮಸಾಲಿ ಸಾಮಾನಿನ ಶಮಾಮಾ, ಅಗರು ಕಟ್ಟಿಗಿ ಊದ. ಸಾವಕಾರ್ರು ಹತ್ತಿ ಅದ್ದಿ ಕಿವ್ಯಾಗ ಇಟ್ಕೋತಾರ. ಹೆಂಗಸ್ರು ಒಯ್ಯೂದಿಲ್ಲ."

"ಇವತ್ತಿಂದ ಒಯ್ತಾರ."

ಅವನು ನಕ್ಕು, ಗಾಜಿನ ಕಡ್ಡಿಯಿಂದ ಎಡ ಮುಂಗೈಗೆ ಶಮಾಮಾ, ಬಲ ಮುಂಗೈಗೆ ಊದ ಸವರಿದ. "ಇಲ್ಲೇ ಆರಿಸಬ್ಯಾಡ್ರಿ. ಪ್ಯಾಟಿ ಸುತ್ತಿ ಬರ್ರಿ. ಮೈಕಾವು ತಾಗಿದ ಮ್ಯಾಲ ಖರೇ ವಾಸನಿ."

ಎಡಗೈ ಕೂಡಲೇ ಲವಂಗ, ಕೇಸರಿಗಳಂತೆ ಘಮಘಮಿಸಿತು. ಬಲಗೈ ದನದ ಕೊಟ್ಟಿಗೆಯಂತೆ ನಾತ ಹೊಡೆಯಿತು. ಬಳೆಗಾರರ ಸಾಲು ಸುತ್ತಿ ಬರುವಷ್ಟರಲ್ಲಿ ಎಡಗೈ ಹಾಗೆಯೇ ಇತ್ತು. ಬಲಗೈಯ ನಾತ ಅಡಗಿ, ಹಳೆಯ ಕಟ್ಟಿಗೆಗೆ ಜೇನು ಸವರಿದಂಥ ಕಂಪು ಮೇಲೇಳುತ್ತಿತ್ತು.

"ಊದ ಕೊಡ್ರಿ."

"ಮದಲಿಗೆ ಮಂದಿ ಮೂಗು ಮುಚ್ಚತಾರ್ರಿ."

"ಮುಚ್ಚಲಿ. ಊಟದ ತನಕಾ ನಾ ಅಲ್ಲೇ ಕುಂತಿರತೇನಿ."

ಮದುವೆಯ ದಿನ ಬಾಗಿಲಲ್ಲಿ ಅತ್ತರು ಹಚ್ಚುತ್ತಿದ್ದವಳು ದೊಡ್ಡವ್ವ ಮುದಕವ್ವ. ಹುಲಿಗೆವ್ವ ಕೈ ಚಾಚಿದಳು. ಮುದಕವ್ವ ಅದನ್ನು ದಾಟಿ ಹಿಂದಿದ್ದವಳ ಕೈ ಹಿಡಿದಳು. ಹುಲಿಗೆವ್ವ ಸರಿಯಲಿಲ್ಲ. ಚಾಚಿದ ಕೈಗೆ ತನ್ನ ಸೀಸೆಯಿಂದಲೇ ಅತ್ತರು ಹಚ್ಚಿಕೊಂಡಳು.

"ಇದೇನ ನಾತ! ಕೊಟ್ಟಿಗ್ಯಾಗಿಂದ ಎದ್ದು ಬಂದೀಯೇನವ್ವಾ?"

ಹೆಂಗಸರು ನಕ್ಕರು.

"ಜರಾ ತಡಿ ದೊಡ್ಡವ್ವಾ," ಎಂದು ಹುಲಿಗೆವ್ವ ಹಂದರದ ಮುಂದಿನ ಸಾಲಿನಲ್ಲಿ ಕೂತಳು. ಪಕ್ಕದವಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ವಧೂವರರ ಮೇಲೆ ಅಕ್ಕಿಕಾಳು ಬೀಳುವ ಹೊತ್ತಿಗೆ ಸೆರಗು ಇಳಿಯಿತು.

ಊಟದ ಪಂಕ್ತಿಯಲ್ಲಿ ಹೋಳಿಗೆ ಬಡಿಸುತ್ತ ಬಂದ ಮುದಕವ್ವ ಅವಳೆದುರು ನಿಂತುಬಿಟ್ಟಳು. ಎಲ್ಲರ ಕೈಯ ಗುಲಾಬಿ ಅಷ್ಟರಲ್ಲಿ ಆರಿಹೋಗಿತ್ತು.

"ಏನ ಇದು, ಇಷ್ಟ ಛಲೋ ವಾಸನಿ?"

"ಕೊಟ್ಟಿಗೀದು."

"ಸಾಕ ಬಿಡ, ಮಳ್ಳಿ!" ಮುದಕವ್ವ ಹೋಳಿಗೆಯ ಬುಟ್ಟಿಯನ್ನು ಸೊಂಟಕ್ಕೆ ಒತ್ತಿಕೊಂಡು, ಖಾಲಿಯಿದ್ದ ಕೈಯ ಮುಂಗೈಯನ್ನು ಹುಲಿಗೆವ್ವನ ಮುಂದೆ ಚಾಚಿದಳು.