ಕುರಿ ಹೆಜ್ಜೆಯ ದಾರಿಯಲ್ಲಿ ಮೀಸೆ ಮೀನು

ಆ ದಿನ ಬೆಳಗ್ಗೆ ಅವ್ವ ಅಂಗಳಕ್ಕೆ ಸಗಣಿ ನೀರು ಚಿಮುಕಿಸಿದಳು. ಅಕ್ಕ ಬೋರಿನಿಂದ ಕೊಡಗಳಲ್ಲಿ ನೀರು ತಂದು ಹಂಡೆ ತುಂಬಿಸಿದಳು. ನಾನು ಕುರಿ ಹಿಕ್ಕೆ ಗುಡಿಸಿ ತಿಪ್ಪೆಗೆ ಹಾಕಿ, ತಾಯಿ ಇಲ್ಲದ ಮರಿಯೊಂದಕ್ಕೆ ಬಾಟಲಿಯಲ್ಲಿ ಹಾಲು ಕುಡಿಸಿದೆ. ಅಪ್ಪ ಕುರಿಗಳನ್ನು ಚಿಕ್ಕಪ್ಪನ ಜೊತೆ ಮೇಯಲು ಕಳಿಸಿ, ಕೊಡಲಿಗೆ ಹೊಸ ಕಾವು ಹಾಕಿ, ಸೌದೆ ಕಟ್ಟುವ ಉದ್ದನೆಯ ಹಗ್ಗವನ್ನು ಹೆಗಲಿಗೆ ಹಾಕಿಕೊಂಡ.

ನಾನು ಚಿಕ್ಕವಳಿದ್ದಾಗ ನಮ್ಮ ದಿನಗಳೆಲ್ಲ ಹೀಗೇ ಶುರುವಾಗುತ್ತಿದ್ದವು ಮಕ್ಕಳೇ. ಕೊಂಡ್ಲಹಳ್ಳಿ ಆಚೆಗಿನ ನಮ್ಮ ಊರಿಗೆಲ್ಲ ಒಂದೇ ಟೀವಿ ಇದ್ದ ಕಾಲ ಅದು. ಶಿವರಾತ್ರಿ ಕಳೆದಿತ್ತು. ಬೇವಿನ ಮರಗಳಲ್ಲಿ ಕೆಂಪು ಚಿಗುರು ಬಂದಿತ್ತು. ಕೆರೆಯ ನೀರು ಹಿಂದಕ್ಕೆ ಸರಿದು ನಡುವೆ ಒಂದು ಹೊಂಡವಾಗಿ ಉಳಿದಿತ್ತು. ಮುರುಗೋಡು ಮೀನು ಹಿಡಿಯಲು ಅದೇ ಸಮಯ. ಚಪ್ಪಟೆ ತಲೆ, ಬೆಕ್ಕಿನಂಥ ಮೀಸೆ, ಕೆಸರು ಬಣ್ಣದ ಮೈ. ನೀರು ಕಡಿಮೆಯಾದರೆ ಈ ಮೀನು ಕೆಸರಿನೊಳಗೆ ಹೊಕ್ಕು ಕೂರುತ್ತದೆ.

ಅಪ್ಪ, ಅಕ್ಕ ಸೌದೆಗೆ ಹೋಗುವ ದಾರಿಯಲ್ಲಿ ಮೀನು ಹಿಡಿಯಲು ಕೆರೆಗೆ ಹೊರಟಾಗ ನಾನೂ ಬರುತ್ತೇನೆಂದು ಹಠ ಹಿಡಿದೆ. ಅವ್ವ ಅಪ್ಪನಿಗೆ ಹೇಳಿದಳು:

"ಈ ಕಡ್ಡೀನ ಎಲ್ಲಿಗೆ ಕರ್ಕಂಡು ಹೋಗ್ತೀರಿ? ಗಾಳಿ ಬಂದ್ರೆ ಹಾರಿ ಹೋಗ್ತಾಳೆ."

"ಸೊಂಟಕ್ಕೆ ಕಲ್ಲು ಕಟ್ಟಿ ಕರ್ಕಂಡು ಹೋಗ್ತೀವಿ ಬಿಡವ್ವ," ಎಂದಳು ಅಕ್ಕ. ಊರಲ್ಲಿ ನನ್ನ ವಯಸ್ಸಿನವರಲ್ಲಿ ನಾನೇ ಎಲ್ಲರಿಗಿಂತ ಸಣ್ಣ. ಆ ಮಾತು ನನಗೆ ದಿನವೂ ಕೇಳಿ ಅಭ್ಯಾಸವಾಗಿತ್ತು, ಆದರೂ ಮುಖ ಊದಿಸಿಕೊಂಡೇ ಹೊರಟೆ.

ಕೆರೆಯಂಗಳದಲ್ಲಿ ಮಣ್ಣು ಹಪ್ಪಳದಂತೆ ಒಣಗಿ ಬಿರುಕು ಬಿಟ್ಟಿತ್ತು. ಅಪ್ಪ ಹೆಗಲ ಮೇಲಿನ ಕಂಬಳಿಯನ್ನು ದಡದ ಜಾಲಿ ಮರದ ಬುಡದಲ್ಲಿಟ್ಟ. ಬಿಸಿಲಿರಲಿ ಮಳೆ ಇರಲಿ, ಆ ಕಂಬಳಿ ಇಲ್ಲದೆ ಅಪ್ಪ ಮನೆ ಬಿಡುತ್ತಿರಲಿಲ್ಲ. ಗುಳ್ಳೆ ಏಳುವ ಕಡೆ ಮೊಣಕಾಲೂರಿ, ಕೆಸರಿಗೆ ಕೈ ಇಳಿಸಿ, ಮೀನಿನ ತಲೆಯ ಹಿಂದೆ ಬೆರಳು ಹಾಕಿ ಎತ್ತುತ್ತಿದ್ದ. ಅದರ ಎರಡೂ ಕಡೆ ಮುಳ್ಳಿದೆ, ಚುಚ್ಚಿದರೆ ಕೈಯೆಲ್ಲ ಉರಿ. ಸಿಕ್ಕ ಮೀನನ್ನು ಸೊಂಟಕ್ಕೆ ಕಟ್ಟಿದ ಟವಲಿನಲ್ಲಿ ಸುತ್ತಿಕೊಳ್ಳುತ್ತಿದ್ದ.

ಸ್ವಲ್ಪ ಹೊತ್ತಿಗೆ ಹೊಂಡದ ಹತ್ತಿರ ದೊಡ್ಡ ಗುಳ್ಳೆಯೊಂದು ಎದ್ದಿತು. ಅಲ್ಲಿಯವರೆಗೂ ಕುರಿಗಳು ನೀರಿಗೆ ಹೋಗಿ ಬಂದ ಹೆಜ್ಜೆಗಳು ಸಾಲಾಗಿ ಮೂಡಿದ್ದವು.

"ಅಷ್ಟು ದೂರ ಬ್ಯಾಡಪ್ಪ," ಎಂದಳು ಅಕ್ಕ.

"ಕುರಿ ಹೋಗೈತೆ ಅಂದ್ರೆ ನೆಲ ಗಟ್ಟಿ ಐತೆ," ಎಂದ ಅಪ್ಪ. ಗುಡ್ಡದಲ್ಲಿ, ಹಳ್ಳದಲ್ಲಿ, ಎಲ್ಲಿ ಹೋದರೂ ಕುರಿಯ ಹೆಜ್ಜೆ ನೋಡಿಯೇ ಕಾಲಿಡುವವನು ಅವನು. ಅಂದೂ ಹಾಗೇ ಹೋದ.

ಮಡಕೆ ಒಡೆದಂತೆ ಸಣ್ಣ ಸದ್ದಾಯಿತು. ನೋಡುವಷ್ಟರಲ್ಲಿ ಅಪ್ಪ ತೊಡೆಯವರೆಗೆ ಇಳಿದಿದ್ದ. ಕಾಲು ಕೀಳಲು ಹೋದ, ಸೊಂಟದವರೆಗೆ ಇಳಿದ. ಹಿಂದೆ ಯಾರೋ ಇಟ್ಟಿಗೆಗೆಂದು ಮಣ್ಣು ತೆಗೆದ ಗುಂಡಿ ಅದು. ಹೂಳು ತುಂಬಿ ಮೇಲೆ ಒಣಗಿತ್ತು, ಒಳಗೆ ಹಸಿ ಗಂಜಿಯಂತಿತ್ತು.

ಅಕ್ಕ ಏರಿಯ ಕಡೆ ತಿರುಗಿ ಕೂಗಿದಳು. ಮಧ್ಯಾಹ್ನದ ಗಾಳಿ ಬಿಟ್ಟರೆ ಯಾರೂ ಇರಲಿಲ್ಲ. ಊರಿಗೆ ಓಡಿ ಜನ ಕರೆತರುವಷ್ಟು ಹೊತ್ತು ನಮಗಿರಲಿಲ್ಲ. ಕೆಸರು ಅಪ್ಪನ ಎದೆಯ ಹತ್ತಿರ ಬಂದಿತ್ತು. ಅಕ್ಕ ಹಗ್ಗದ ಒಂದು ತುದಿಯನ್ನು ಜಾಲಿಯ ಬುಡಕ್ಕೆ ಕಟ್ಟಿ ಇನ್ನೊಂದು ತುದಿ ಎಸೆದಳು. ಗಾಳಿ ಅದನ್ನು ಪಕ್ಕಕ್ಕೆ ಒಯ್ದಿತು. ಮತ್ತೆ ಎಸೆದಳು. ಮತ್ತೆ ಹಾಗೇ ಆಯಿತು. ಅವಳು ತಾನೇ ಒಯ್ಯಲು ಹೆಜ್ಜೆ ಇಟ್ಟಳು.

"ನೀನು ಬ್ಯಾಡ. ನಿನ್ನ ಭಾರಕ್ಕೆ ಒಡೀತೈತೆ," ಎಂದ ಅಪ್ಪ. ಅವನ ದನಿ ಮೆಲ್ಲಗಿತ್ತು. "ಚಿಕ್ಕೋಳ್ನ ಕಳ್ಸು."

"ಅವಳಾ? ಆಗಲ್ಲಪ್ಪ."

"ಕುರಿಯಷ್ಟೇ ಅದಾಳೆ. ಕುರಿ ಹೋದ ದಾರೀಲಿ ಬರ್ತಾಳೆ. ಕಂಬಳಿ ಕೊಡು ಅವಳ ಕೈಗೆ."

ಅಕ್ಕ ಹಗ್ಗದ ತುದಿಯನ್ನು ನನ್ನ ಸೊಂಟಕ್ಕೆ ಕಟ್ಟಿ, ಗಂಟನ್ನು ಎರಡು ಸಲ ಎಳೆದು ನೋಡಿ, ಕಂಬಳಿ ಕೈಗೆ ಕೊಟ್ಟಳು.

"ಎದ್ದು ನಿಲ್ಲಬ್ಯಾಡ ಮಗಾ," ಎಂದ ಅಪ್ಪ. "ಹೊಟ್ಟೆ ಮ್ಯಾಲೆ ಹಲ್ಲಿ ಹಂಗೆ ಬಾ. ನನ್ನೇ ನೋಡ್ಕಂಡು ಬಾ."

ನಾನು ಕಂಬಳಿ ಎಳೆದುಕೊಂಡು ತೆವಳಿದೆ. ಎದೆಯ ಕೆಳಗೆ ನೆಲ ಹಾಸಿಗೆಯಂತೆ ಅಲುಗುತ್ತಿತ್ತು. ಬಿರುಕುಗಳಿಂದ ತಣ್ಣನೆಯ ಕಪ್ಪು ನೀರು ಜಿನುಗಿ ಲಂಗ ಒದ್ದೆಯಾಯಿತು. ಕೊಳೆತ ಜೊಂಡಿನ ವಾಸನೆ ಮೂಗಿಗೆ ಹೊಡೆಯಿತು. ಒಂದು ಕಡೆ ನನ್ನ ಮೊಣಕೈ ಒಳಗೆ ಹೋಯಿತು. "ನಿಧಾನ," ಎಂದ ಅಪ್ಪ. ಕೈ ಮೆಲ್ಲಗೆ ಕಿತ್ತುಕೊಂಡು, ಕುರಿಯ ಹೆಜ್ಜೆಗಳ ಮೇಲೇ ಮುಂದೆ ಹೋದೆ.

ಅಪ್ಪನ ಕೈ ನನ್ನ ಕೈಗೆ ಸಿಕ್ಕಿತು. ಐಸಿನಂತಿತ್ತು. ಅವನು ನನ್ನ ಸೊಂಟದ ಗಂಟು ಬಿಚ್ಚಿ, ಹಗ್ಗವನ್ನು ತನ್ನ ಕಂಕುಳಿಗೆ ಸುತ್ತಿಕೊಂಡು, ಕಂಬಳಿಯನ್ನು ಎದುರಿಗೆ ಹಾಸಿದ. "ಇನ್ನ ತಿರುಗಿ ನೋಡಬ್ಯಾಡ, ಹೋಗು," ಎಂದ.

ನಾನು ದಡ ಮುಟ್ಟಿದ ಮೇಲೆಯೇ ಅವನು ಅಲುಗಿದ್ದು. ಕಂಬಳಿಯ ಮೇಲೆ ಎದೆ ಚಾಚಿ, ಒಂದೊಂದೇ ಕಾಲನ್ನು ಒಳಗೇ ಆಡಿಸಿ ಸಡಿಲ ಮಾಡಿದ. ಅಕ್ಕ ಜಾಲಿ ಬುಡದ ಗಂಟು ಬಿಚ್ಚಿ ಹಗ್ಗವನ್ನು ಮರಕ್ಕೆ ಎರಡು ಸುತ್ತು ಹಾಕಿದಳು. ಅವನು ಗೇಣು ಮುಂದೆ ಬಂದರೆ ಅಕ್ಕ ಗೇಣು ಹಗ್ಗವನ್ನು ಮರಕ್ಕೆ ಸುತ್ತುತ್ತಿದ್ದಳು, ನಾನು ಅದರ ಬಾಲ ಹಿಡಿದು ಜಗ್ಗುತ್ತಿದ್ದೆ. ಅಂಗೈ ಸುಲಿಯಿತು. ಕೊನೆಗೆ ದೊಡ್ಡ ಗುಟುಕು ಕುಡಿದಂಥ ಸದ್ದು ಮಾಡಿ ಕೆಸರು ಅವನನ್ನು ಬಿಟ್ಟಿತು.

ದಡಕ್ಕೆ ಬಂದ ಅಪ್ಪ ಬಹಳ ಹೊತ್ತು ಮಲಗಿಯೇ ಇದ್ದ. ಅವನ ಸೊಂಟದಲ್ಲಿ ಏನೋ ಮಿಸುಕಿತು. ಟವಲಿನಲ್ಲಿದ್ದ ಮೀನುಗಳು, ಇನ್ನೂ ಜೀವಂತ!

"ಜೀವ ಹೋಗೋ ಹೊತ್ತಲ್ಲೂ ಮೀನು ಬಿಟ್ಟಿಲ್ಲಲ್ಲಪ್ಪ ನೀನು," ಎಂದಳು ಅಕ್ಕ. ಆಗ ಅವಳಿಗೆ ಅಳು ಬಂತು.

"ನಾನೆಲ್ಲಿ ಹಿಡ್ಕಂಡಿದ್ದೆ? ಅದೇ ನನ್ನ ಹಿಡ್ಕಂಡೈತೆ," ಎಂದು ಅಪ್ಪ ಬನಿಯನ್ನಿಗೆ ಸಿಕ್ಕಿಕೊಂಡಿದ್ದ ಮುಳ್ಳು ತೋರಿಸಿದ. ಆಮೇಲೆ ಆ ಹೆಜ್ಜೆಗಳ ಕಡೆ ನೋಡಿ, "ಕುರೀದೇನೂ ತಪ್ಪಿಲ್ಲ. ನಾನು ಕುರಿ ಅಲ್ಲ ಅನ್ನೋದು ಮರೆತಿದ್ದೆ," ಎಂದ.

ಈಗ ನಿಮ್ಮ ಮನೆಗೆ ಮೀನು ಚಳ್ಳಕೆರೆಯಿಂದ ಐಸಿನಲ್ಲಿ ಬರುತ್ತದೆ, ತುಂಡಾಗಿ, ತಲೆಯೂ ಇಲ್ಲದೆ. ಅದಕ್ಕೆ ಮೀಸೆ ಇತ್ತೋ ಇಲ್ಲವೋ ನಿಮಗೆ ಗೊತ್ತಾಗುವುದಿಲ್ಲ. ನನ್ನ ಪೆಟ್ಟಿಗೆಯಲ್ಲಿರುವ ಆ ಕಂಬಳಿ ಹಾಸಿದರೆ "ಚುಚ್ಚುತ್ತೆ ಅಜ್ಜಿ" ಎಂದು ಎದ್ದು ಹೋಗುತ್ತೀರಿ. ಮೊನ್ನೆ ಶಾಲೆಯಲ್ಲಿ ತೂಕ ನೋಡಿದರಂತೆ, ತರಗತಿಗೆಲ್ಲ ನಾನೇ ಹಗುರ ಎಂದು ನಮ್ಮ ಪುಟ್ಟಿ ಅಳುತ್ತಾ ಬಂದಳು. ಅವಳನ್ನು ಪಕ್ಕ ಕೂರಿಸಿಕೊಂಡು ಈ ಕಥೆ ಮೊದಲು ಹೇಳಿದ್ದು ಅವಳಿಗೇ.

ಅಂದು ಸಂಜೆ ಅವ್ವ ಹುಣಸೆಹುಳಿ, ಒಣಮೆಣಸಿನಕಾಯಿ ಅರೆದು ಮೀನಿನ ಸಾರು ಮಾಡಿದಳು. ಬಿಸಿ ರಾಗಿ ಮುದ್ದೆ. ದೊಡ್ಡ ತುಂಡು ನನ್ನ ತಟ್ಟೆಗೆ ಬಿತ್ತು, ಕಡ್ಡಿ ಎಂದು ಯಾರೂ ಅನ್ನಲಿಲ್ಲ. ದಿನವೂ ಕುರಿ ಹಟ್ಟಿ ಸುತ್ತಿ ನೋಡಿ ಬಂದು ಎಲ್ಲರಿಗಿಂತ ಕೊನೆಗೆ ಮಲಗುತ್ತಿದ್ದ ಅಪ್ಪ, ಆ ದಿನ ಕೈ ತೊಳೆದ ಕೂಡಲೇ, ಎಲ್ಲರಿಗಿಂತ ಮೊದಲು ನಿದ್ದೆ ಹೋದ. ಅಕ್ಕ ಅವನ ಕಾಲ ಬಳಿ ಚಾಪೆ ಹಾಸಿಕೊಂಡು, ಪಾದದ ಮೇಲೆ ಕೈ ಇಟ್ಟುಕೊಂಡು ಮಲಗಿದಳು.