ಹಲ್ಲು ಕೀಳಿಸುವ ಮೊದಲು ಬಾಯಿ ಮುಕ್ಕಳಿಸುವುದು

ಅತ್ತೆಯ ದವಡೆಹಲ್ಲು ಹುಳುಕಾಗಿ ಕೆನ್ನೆ ಊದಿಕೊಂಡಿತ್ತು. ವಾರದಿಂದ ಗಂಜಿಯೇ ಊಟ. ಹೂಡಿಯ ನಮ್ಮ ಮನೆಯ ಹತ್ತಿರದ ಕ್ಲಿನಿಕ್‌ಗೆ ಹಲ್ಲು ಕೀಳುವ ಡಾಕ್ಟರ್ ಬರುವುದು ಶನಿವಾರ ಮಾತ್ರ, ಅದೂ ಮಧ್ಯಾಹ್ನದವರೆಗೆ. ಶನಿವಾರ ಅತ್ತೆಗೆ ತಿಮ್ಮಪ್ಪನ ಒಪ್ಪೊತ್ತು. ಆದರೂ ನೋವು ತಡೆಯಲಾರದೆ ನನ್ನ ಜೊತೆ ಹೊರಟರು.

ಕುರ್ಚಿಗೆ ಹೋಗುವ ಮೊದಲು ಬಾಯಿ ಮುಕ್ಕಳಿಸಬೇಕೆಂಬುದು ಅಲ್ಲಿನ ನಿಯಮ. ಎರಡು ಬಾಟಲಿಗಳಿದ್ದವು: ನಸುಗೆಂಪಿನದು ಆಂಟಿಸೆಪ್ಟಿಕ್, ಹಸಿರಿನದು ತುಳಸಿ, ಲವಂಗದ ಹರ್ಬಲ್. ನಾನು ಪತ್ರಿಕೆಯಲ್ಲಿ ಕೆಲಸ ಮಾಡುವವಳು. ಯಾವುದು ಉತ್ತಮ ಎಂದು ಕೇಳಿದೆ.

"ಕೀಟಾಣು ಕಡಿಮೆ ಮಾಡೋಕೆ ಆಂಟಿಸೆಪ್ಟಿಕ್ಕೇ ಮೇಲು. ಬೇಡ ಅಂದೋರಿಗೆ ಹರ್ಬಲ್. ಅದೂ ನಡೆಯತ್ತೆ," ಎಂದರು ಡಾಕ್ಟರ್.

"ಎಷ್ಟು ಮೇಲು?"

"ಮೇಡಂ, ನಾನು ಹಲ್ಲು ಕೀಳ್ಬೇಕೋ, ಇಂಟರ್‌ವ್ಯೂ ಕೊಡ್ಬೇಕೋ?"

ಅಷ್ಟರಲ್ಲಿ ಅತ್ತೆ ಆಂಟಿಸೆಪ್ಟಿಕ್ ಮೂಸಿ ಕೆಳಗಿಟ್ಟಿದ್ದರು. "ಸಾರಾಯಿ ವಾಸ್ನೆ ಐತೆ. ಸನಿವಾರ ಬಾಯಿಗಾಕಲ್ಲ."

ಲೇಬಲ್ ಓದಿ, "ಇದ್ರಲ್ಲಿ ಆಲ್ಕೋಹಾಲ್ ಇಲ್ಲ ಅತ್ತೆ," ಎಂದೆ.

"ಅದನ್ನ ಬರ್ದಿರೋರು ಬಾಟ್ಲಿ ಮಾರೋರು ತಾನೆ?"

ಬೇರೆ ದಿನವಾಗಿದ್ದರೆ ಈ ಪ್ರಶ್ನೆಯನ್ನು ಮೆಚ್ಚಿಕೊಳ್ಳುತ್ತಿದ್ದೆ.

ನರ್ಸ್ ಹರ್ಬಲ್ ಕೊಟ್ಟಳು. ಅತ್ತೆ ಅದನ್ನು ಅಂಗೈಗೆ ಸುರಿದುಕೊಂಡು ಕುಡಿದರು. ಒದ್ದೆ ಕೈಯನ್ನು ತಲೆಗೆ ಒರೆಸಿಕೊಂಡರು.

"ಅಯ್ಯೋ ಅಜ್ಜಿ, ಉಗೀಬೇಕು!"

"ತುಳ್ಸಿ ನೀರು ಯಾರಾನ ಉಗೀತಾರೇನಮ್ಮ?"

ಎರಡನೆಯ ಸಲವೂ ಹಾಗೆಯೇ ಆಯಿತು. ಡಾಕ್ಟರ್ ಗ್ಲೌಸ್ ಬಿಚ್ಚಿದರು. "ಸ್ವಲ್ಪ ಕುಡಿದ್ರೆ ಏನಾಗಲ್ಲ. ಆದ್ರೆ ಸರಿಯಾಗಿ ಮುಕ್ಕಳಿಸ್ದೆ ನಾನು ಕೈ ಹಾಕಲ್ಲ. ಮೊದ್ಲೇ ಹಿಂಗೆ ಊದಿದೆ."

ಬೇಡಿಕೊಂಡೆ, ಗದರಿದೆ. ಒಂದರಲ್ಲಿ ಸಾರಾಯಿ, ಇನ್ನೊಂದರಲ್ಲಿ ತೀರ್ಥ. ಎರಡರ ನಡುವೆ ಅತ್ತೆ ಬಾಯಿ ಬಿಗಿದು ಕುಳಿತರು. ನಮ್ಮನ್ನು ಪಕ್ಕಕ್ಕೆ ಕೂರಿಸಿ ನರ್ಸ್ ಬೇರೆಯವರನ್ನು ಕರೆದಳು. ಮಧ್ಯಾಹ್ನ ಡಾಕ್ಟರ್ ಬೊಮ್ಮಸಂದ್ರದ ಕ್ಲಿನಿಕ್‌ಗೆ ಹೊರಟುಹೋದರು.

"ಮುಂದಿನ ವಾರ ಬನ್ನಿ ಮೇಡಂ," ಎಂದಳು ಕೌಂಟರಿನ ಹುಡುಗಿ.

"ಶನಿವಾರ ಬಿಟ್ಟು ಬೇರೆ ದಿನ ಇಲ್ವಾ?"

"ಸರ್ ಬರೋದೇ ಶನಿವಾರ ಅಲ್ವಾ?"

ಆಟೋ ಗುಂಡಿಗೆ ಇಳಿದಾಗಲೆಲ್ಲ ಅತ್ತೆ ಸೆರಗಿನಿಂದ ಕೆನ್ನೆ ಒತ್ತಿ ನರಳುತ್ತಿದ್ದರು. ಸಿಟ್ಟಿದ್ದರೂ ನೋಡಲಾಗಲಿಲ್ಲ.

"ಬೇರೆ ಕಡೆ ಹೋಗೋಣ್ವಾ ಅತ್ತೆ? ಈಗ್ಲೇ?"

"ಅಲ್ಲೂ ಅದೇ ಬಾಟ್ಲಿ ಕೊಡ್ತಾರೆ ಕಣಮ್ಮ. ನಾಳೆ ಆದ್ರೆ ಯಾವ್ದಾದ್ರೂ ಹಾಕ್ಕೊಂತೀನಿ, ಉಗಿ ಅಂದ್ರೆ ಉಗೀತೀನಿ."

ನಾಳೆ ಭಾನುವಾರ. ಯಾವ ಕ್ಲಿನಿಕ್ ತೆರೆದಿರುತ್ತದೆಂದು ತಿಳಿಯಲು ಫೋನ್ ಮಾಡತೊಡಗಿದೆ.