ಸಕ್ಕರೆಯಿಲ್ಲದ ಮನೆಗೆ ಹೆಣ್ಣು ಕೇಳಲು ಹೋದದ್ದು

ನನ್ನ ತಮ್ಮ ರುಸ್ಮಿರ್ ಜನರನ್ನು ನಗಿಸುವ ಕೆಲಸ ಮಾಡುತ್ತಾನೆ. ಅಂದರೆ, ಮಾಡಲು ನೋಡುತ್ತಾನೆ. ಬೆಳಗ್ಗೆ ಬೇಕರಿಯ ವ್ಯಾನ್ ಓಡಿಸುವುದು, ಶುಕ್ರವಾರ ಸಂಜೆ ಒಂದು ಕಾಫಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಮೈಕು ಹಿಡಿದು ಒಬ್ಬನೇ ನಿಂತು ಮಾತಾಡುವುದು. ಆರು ವರ್ಷವಾಯಿತು. ನಮ್ಮ ತುಜ್ಲಾ ಊರಿನಲ್ಲಿ ಬಸ್ ಡ್ರೈವರನಿಂದ ಹಿಡಿದು ಗುಂಡಿ ತೋಡುವವನವರೆಗೆ ಎಲ್ಲರಿಗೂ ಜೋಕು ಹೇಳಲು ಬರುತ್ತದೆ. ಇಲ್ಲಿ ನಗಿಸಲು ಹೊರಡುವುದೆಂದರೆ ಮೀನಿಗೆ ಈಜು ಕಲಿಸಿದ ಹಾಗೆ. ಇವನು ಜೋಕು ಹೇಳಿದರೆ ಜನ ಕೆಮ್ಮುತ್ತಾರೆ, ಕುರ್ಚಿ ಎಳೆಯುತ್ತಾರೆ, ಬಿಲ್ ಕೇಳುತ್ತಾರೆ.

ನಗುತ್ತಿದ್ದವಳು ಒಬ್ಬಳೇ, ಮಿನೆಲಾ. ಹಲ್ಲಿನ ಡಾಕ್ಟರ ಹತ್ತಿರ ಸಹಾಯಕಿ. ಆದರೆ ಅವಳದೂ ಒಂದು ಐಬು, ಜೋಕು ಮುಗಿಯುವ ಮೊದಲೇ ನಕ್ಕುಬಿಡುತ್ತಾಳೆ. ಇವನು ಕೊನೆಯ ಮಾತಿಗೆ ಉಸಿರೆಳೆದುಕೊಳ್ಳುವಷ್ಟರಲ್ಲಿ ಮೂರನೇ ಸಾಲಿನಿಂದ ಕಿಲಕಿಲ! ಒಂದು ಶುಕ್ರವಾರ ರೇಗಿ ಕೆಳಗಿಳಿದು ಹೋಗಿ ಕೇಳಿಯೇಬಿಟ್ಟ.

"ಏನ್ರೀ, ನಾನಿನ್ನೂ ಹೇಳೇ ಇಲ್ಲ. ಆಗ್ಲೇ ಯಾಕ್ರೀ ನಗ್ತೀರಾ?"

"ಹೇಳಿದ್ಮೇಲೆ ನಗು ಬರಲ್ವಲ್ಲ, ಅದಕ್ಕೆ."

ಅಲ್ಲಿಗೆ ನನ್ನ ತಮ್ಮ ಅವಳ ಪ್ರೀತಿಯಲ್ಲಿ ಬಿದ್ದ, ಮತ್ತೆ ಏಳಲಿಲ್ಲ.

ಏಪ್ರಿಲಿನ ಒಂದು ಭಾನುವಾರ ಮಧ್ಯಾಹ್ನ ಹೆಣ್ಣು ಕೇಳಲು ಹೊರಟೆವು. ನಮಗೆ ಅಪ್ಪ ಅಮ್ಮ ಇಲ್ಲ, ಅಕ್ಕನಾದ ನಾನೇ ಹಿರಿಯಳು. ನನ್ನ ಸಲೂನಿನಲ್ಲೇ ಕೂರಿಸಿ ಅವನ ತಲೆಗೂದಲು ಸರಿಮಾಡಿದೆ, ನನ್ನ ಗಂಡನ ಸೂಟು ತೊಡಿಸಿದೆ, ಪಕ್ಕದ ಮನೆಯಿಂದ ಷೂ ಇಸಿದುಕೊಂಡು ಬಂದೆ. ದಾರಿಯುದ್ದಕ್ಕೂ ಒಂದೇ ಗೋಳು, "ಅಕ್ಕಾ, ಅವಳಪ್ಪ ಒಪ್ದೇ ಇದ್ರೆ?"

"ಮುಚ್ಚೋ ಬಾಯಿ! ಒಪ್ಪಬೇಕಾಗಿರೋದು ಕಾಫಿ," ಎಂದೆ.

ಹಳೆಯ ಪದ್ಧತಿಯಲ್ಲಿ ಹೆಣ್ಣು ಬಾಯಿಬಿಟ್ಟು ಏನೂ ಹೇಳುವ ಹಾಗಿಲ್ಲ. ಗಂಡಿಗೆ ಅವಳೇ ಕಾಫಿ ತಂದುಕೊಡಬೇಕು. ತಟ್ಟೆಯಲ್ಲಿ ಬಟ್ಟಲಿನ ಪಕ್ಕ ಸಕ್ಕರೆ ತುಂಡು ಇದ್ದರೆ ಹೂಂ. ಇಲ್ಲದಿದ್ದರೆ ಕಹಿ ಕಾಫಿ ಕುಡಿದು, ಬಾಗಿಲಲ್ಲಿ ಬಿಟ್ಟ ಷೂ ಹಾಕಿಕೊಂಡು ನಡೆಯಬೇಕು. ಈಗ ಇದನ್ನೆಲ್ಲ ಯಾರೂ ಅಷ್ಟಾಗಿ ಹಿಡಿದು ಕೂರುವುದಿಲ್ಲ. ಆದರೆ ಮಿನೆಲಾಳ ಅಪ್ಪ ಹಿಲ್ಮೋ ಹಿಡಿದಿದ್ದರು. ಮೂವತ್ತೊಂದು ವರ್ಷ ಕಲ್ಲಿದ್ದಲ ಗಣಿಯಲ್ಲಿ ದುಡಿದ ಮನುಷ್ಯ, ಮುಖವೂ ಕಲ್ಲಿದ್ದಲೇ. ಅವರು ನಕ್ಕದ್ದನ್ನು ಕಂಡವರು ಊರಲ್ಲಿ ಇಲ್ಲ.

"ಚೆನ್ನಾಗಿದೀರಾ ಮಾವಾ?" ಎಂದ ನನ್ನ ತಮ್ಮ, ಹೊಸ್ತಿಲು ದಾಟುತ್ತಲೇ. ಹಾಳಾದವನು!

"ಕಾಫಿ ಬರೋ ತನ್ಕ ನಾನು ಹಿಲ್ಮೋ," ಎಂದರು ಅವರು.

ಕೂತೆವು. ಗೋಡೆಯ ಮೇಲೆ ಅವರ ಗಣಿಯ ಹಳೆಯ ಹಿತ್ತಾಳೆ ದೀಪ, ಬುಡದಲ್ಲಿ ಕಾರ್ಬೈಡ್ ಎಂಬ ಕಲ್ಲಿನಂಥ ತುಂಡುಗಳನ್ನು ತುಂಬಿ ಉರಿಸುವಂಥದ್ದು. ಮಿನೆಲಾಳ ಅಮ್ಮ ಫಾದಿಲಾ ಹವಾಮಾನದ ಮಾತೆತ್ತಿದರು. ಆಮೇಲೆ ಗಂಡನ ಸಕ್ಕರೆ ಕಾಯಿಲೆಯ ಮಾತು. "ಒಂದು ವರ್ಷ ಆಯ್ತಮ್ಮ, ಮಿನೆಲಾ ಮನೇಲಿರೋ ಸಕ್ಕರೆ, ಜೇನು, ಜಾಮು ಎಲ್ಲಾ ಎತ್ತಿ ಹೊರಗೆ ಹಾಕಿದ್ಲು. ಆದ್ರೂ ಇವರ ಸಕ್ಕರೆ ಇಳೀತಾನೇ ಇಲ್ಲ, ಏನು ಮಾಯವೋ!"

ಹಿಲ್ಮೋ ಕಿಟಕಿಯಾಚೆ ನೋಡುತ್ತಿದ್ದರು.

ಅಷ್ಟರಲ್ಲಿ ಮಿನೆಲಾ ಬಂದಳು. ಮುಖ ಕೆಂಪಾಗಿತ್ತು. ರುಸ್ಮಿರ್ ಮುಂದೆ ತಟ್ಟೆ ಇಟ್ಟಳು. ಬಟ್ಟಲಿದೆ, ನೊರೆಯಿದೆ, ಸಕ್ಕರೆ ಇಲ್ಲ!

ಅಯ್ಯೋ ದೇವರೇ! ನನ್ನ ತಮ್ಮ ತಟ್ಟೆ ನೋಡಿದ, ಅವಳನ್ನು ನೋಡಿದ, ಬಟ್ಟಲೆತ್ತಿ ಒಂದೇ ಗುಟುಕಿಗೆ ಕುಡಿದ. ಎದ್ದು ನಿಂತ.

"ಆರು ವರ್ಷದಿಂದ ಮೈಕ್ ಹಿಡ್ದಿದೀನಿ," ಎಂದ. "ಜನ ಸೀಟಿ ಹೊಡ್ದು ಕಳ್ಸಿದಾರೆ, ಲೈಟ್ ಆರ್ಸಿ ಕಳ್ಸಿದಾರೆ. ತಟ್ಟೇಲಿಟ್ಟು, ನೊರೆ ಬರ್ಸಿ, ಇಷ್ಟು ಮರ್ಯಾದೆಯಾಗಿ ಯಾರೂ ಕಳ್ಸಿರ್ಲಿಲ್ಲ."

"ರುಸ್ಮಿರ್, ಅದು ಹಾಗಲ್ಲ..." ಎಂದಳು ಮಿನೆಲಾ.

"ಇರು, ಮುಗಿಸ್ತೀನಿ. ಈ ಸೂಟು ಭಾವಂದು. ಬಾಗಿಲಲ್ಲಿರೋ ಷೂ ಪಕ್ಕದ ಮನೆಯವ್ರದ್ದು. ಈ ಹೇರ್‌ಕಟ್ಟು ಅಕ್ಕಂದು. ನನ್ನದು ಅಂತ ತಂದಿದ್ದು ಈ ಕಾಲುಚೀಲ ಒಂದೇ, ಅದೂ ತೂತು. ನಿಮ್ಮ ಮಗಳನ್ನ ನಗಿಸ್ತೀನಿ ಅಂತ ಹೇಳೋಕ್ ಬಂದಿದ್ದೆ ಹಿಲ್ಮೋ. ಅದೂ ಸುಳ್ಳು, ಅವಳು ನಾನು ಬಾಯಿ ತೆಗೆಯೋಕ್ ಮುಂಚೇನೇ ನಗ್ತಾಳೆ!"

ಹಿಲ್ಮೋ ಕಡೆಯಿಂದ ಗೊರಗೊರ ಸದ್ದು ಬಂತು. ಭುಜ ಕುಣಿಯಿತು, ಕಣ್ಣಲ್ಲಿ ನೀರು. ಫಾದಿಲಾ ಗಾಬರಿಯಾಗಿ ಕೂಗಿದರು, "ನೀರು ತನ್ನಿ, ಇವರಿಗೇನೋ ಆಯ್ತು!"

"ಅಮ್ಮಾ, ಅಪ್ಪ ನಗ್ತಿದಾರೆ!" ಎಂದು ಚೀರಿದಳು ಮಿನೆಲಾ. ನಗುತ್ತಲೇ ಅಳುತ್ತಿದ್ದಳು. "ಕೈ ರೂಢಿ ಕಣೋ, ವರ್ಷದಿಂದ ಈ ಮನೇಲಿ ಸಕ್ಕರೆ ಹಾಕಿಲ್ಲ. ಮರೆತೇಹೋಯ್ತು! ನಂದು ಹೂಂ! ಹೂಂ ಅಂದ್ನಲ್ಲ!"

ಹಿಲ್ಮೋ ಕಣ್ಣೊರೆಸಿಕೊಂಡರು. ಮುಖ ಮತ್ತೆ ಕಲ್ಲಿದ್ದಲಾಯಿತು.

"ಬಾಯಿಮಾತಿನ ಹೂಂ ನಡೆಯಲ್ಲ. ಸಕ್ಕರೆ ಬೇಕು."

ಎಲ್ಲಿಂದ ತರುವುದು? ಭಾನುವಾರ, ಅಂಗಡಿ ಮುಚ್ಚಿದೆ. ಫಾದಿಲಾ ಅಡುಗೆಮನೆಯ ಡಬ್ಬಿಗಳನ್ನೆಲ್ಲ ತಡಕಾಡಿ ಬರಿಗೈಯಲ್ಲಿ ಬಂದರು. ಎದುರು ಮನೆಗೆ ಓಡಿದೆ, ಬೀಗ. ರುಸ್ಮಿರ್ ಖಾಲಿ ಬಟ್ಟಲು ಹಿಡಿದು ನಿಂತೇ ಇದ್ದ.

ಹಿಲ್ಮೋ ಮಗಳನ್ನು ನೋಡಿದರು. ಆಮೇಲೆ ನಿಟ್ಟುಸಿರುಬಿಟ್ಟು ಎದ್ದು, ಗೋಡೆಯಿಂದ ಗಣಿಯ ದೀಪ ಇಳಿಸಿ, ಬುಡ ತಿರುಗಿಸಿ ಬಿಚ್ಚಿದರು. ಒಳಗೆ ಬೆಳ್ಳಗೆ, ಸಾಲಾಗಿ, ಸಕ್ಕರೆ ತುಂಡುಗಳು!

"ಅಪ್ಪಾ!"

"ನಂಗೇನ್ ಗೊತ್ತು, ಕಾರ್ಬೈಡ್ ಅಂದ್ಕೊಂಡಿದ್ದೆ," ಎಂದರು ಹಿಲ್ಮೋ. ಕಿವಿ ಕೆಂಪಗಾಗಿತ್ತು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತ ಸುಮ್ಮನೆ ಹೇಳುತ್ತಾರೆಯೇ?

ಮಿನೆಲಾ ಹೊಸದಾಗಿ ಕಾಫಿ ಕಾಸಿ ತಂದಳು. ದೀಪದಿಂದ ಒಂದು ತುಂಡು ತೆಗೆದು ರುಸ್ಮಿರ್ ತಟ್ಟೆಯಲ್ಲಿಟ್ಟಳು. ಉಳಿದದ್ದನ್ನೆಲ್ಲ ತನ್ನ ಜೇಬಿಗೆ ಸುರಿದುಕೊಂಡಳು. ಹಿಲ್ಮೋ ಕಣ್ಣು ಆ ಜೇಬಿನ ಹಿಂದೆಯೇ ಹೋಯಿತು. ಪಾಪ, ಮಗಳ ಒಪ್ಪಿಗೆಗಾಗಿ ತನ್ನ ಖಜಾನೆಯನ್ನೇ ಕೊಟ್ಟಿದ್ದರು.

ನನ್ನ ತಮ್ಮ ಸಕ್ಕರೆ ತುಂಡನ್ನು ಕೈಗೆತ್ತಿಕೊಂಡ. ಎರಡು ಹೋಳು ಮಾಡಿದ. ಒಂದನ್ನು ಕಾಫಿಯಲ್ಲಿ ಅದ್ದಿ ಬಾಯಿಗೆ ಹಾಕಿಕೊಂಡು, ಇನ್ನೊಂದನ್ನು ಮೆಲ್ಲಗೆ ಮೇಜಿನ ಮೇಲೆ ಮುಂದಕ್ಕೆ ತಳ್ಳಿದ.

"ತಗೊಳ್ಳಿ, ಹಿಲ್ಮೋ."

"ಮಾವ ಅನ್ನೋ," ಎಂದರು ಅವರು.

ಮಿನೆಲಾ ನೋಡಿದಳು, ತುಟಿ ಬಿಗಿದಳು. ಆಮೇಲೆ ಕಿಟಕಿಯ ಕಡೆ ತಿರುಗಿ ನಿಂತು, "ಇವತ್ತೊಂದಿನ ನಾನೇನೂ ನೋಡಿಲ್ಲ," ಎಂದಳು.